ಗಣೇಶನ ಹಬ್ಬಕ್ಕೆ ಸಿಪಿಲೆ, ಮಾಗಿ ಚಳಿಗೆ ಹೆಬ್ಬಾತು: ವಲಸೆ ಹಕ್ಕಿಗಳ ಸರದಿ ಯಾಕೆ ಹೀಗೆ?

ಮೈಸೂರು ಕಡೆ ವಲಸೆ ಹಕ್ಕಿ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಜನವರಿ ತಿಂಗಳು. ಹದಿನಾರು ಅನ್ನುವ ಊರಿನ ಕೆರೆಗೆ ಹೆಬ್ಬಾತು ಬಂದಿವೆ ಅಂತ ಪೇಪರಿನಲ್ಲಿ ಫೋಟೊ ಬರುತ್ತದೆ. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಬ್ಯಾಗ್ ಹೊತ್ತವರು ನಂಜನಗೂಡಿನ ಕಡೆ ಹೊರಡುತ್ತಾರೆ. ಆದರೆ ಆ ಹೊತ್ತಿಗೆ ವಲಸೆ ಶುರುವಾಗಿ ನಾಲ್ಕು ತಿಂಗಳು ಕಳೆದಿರುತ್ತದೆ. ಮೊದಲು ಬಂದ ಹಕ್ಕಿಗಳು ನಿಮ್ಮ ಬೀದಿಯ ಹೊಂಗೆ ಮರದಲ್ಲಿ, ಟೆರೇಸಿನ ನೀರಿನ ಟ್ಯಾಂಕಿನ ಪಕ್ಕದಲ್ಲಿ ಆಗಲೇ ನೆಲೆಯೂರಿ ಹಳಬರಾಗಿರುತ್ತವೆ. ಯಾರೂ ತಲೆ ಎತ್ತಿ ನೋಡಿರುವುದಿಲ್ಲ ಅಷ್ಟೇ.

ಯಾವ ಹಕ್ಕಿ ಯಾವಾಗ ಬರುತ್ತದೆ ಅನ್ನುವುದು ಸುಮ್ನೆ ಆಗುವ ಸಂಗತಿಯಲ್ಲ. ಅದಕ್ಕೊಂದು ಸರದಿ ಇದೆ. ಆ ಸರದಿಯನ್ನು ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಒಂದು ಸಲ ಹಿಂಬಾಲಿಸಿದರೆ ಹಕ್ಕಿಗಳು ಯಾಕೆ ಇಷ್ಟು ದೂರ ಹಾರುತ್ತವೆ ಅನ್ನುವ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕಿಬಿಡುತ್ತದೆ. ಅದಕ್ಕೆ ದೊಡ್ಡ ಕ್ಯಾಮೆರಾ ಬೇಡ, ಕಾಡಿಗೆ ಹೋಗುವುದೂ ಬೇಡ. ಬೆಳಗಿನ ವಾಕಿಂಗ್ ಸಾಕು.

ಗಣೇಶನ ಹಬ್ಬದ ಆಸುಪಾಸಿನಲ್ಲಿ ಮೊದಲು ಕಾಣುವುದು ಬೂದು ಸಿಪಿಲೆ. ಇಂಗ್ಲಿಷ್ ಪುಸ್ತಕಗಳ ಗ್ರೇ ವ್ಯಾಗ್‌ಟೇಲ್ ಇದೇ. ನಮ್ಮಲ್ಲಿ ವರ್ಷವಿಡೀ ಇರುವ ಕಪ್ಪು-ಬಿಳಿ ಕುಂಡೆಕುಸ್ಕವನ್ನು ನೀವು ನೋಡಿರುತ್ತೀರಿ. ಮನೆಯ ಸಜ್ಜದ ಮೇಲೆ ಕೂತು ಚೆನ್ನಾಗಿ ಸಿಳ್ಳೆ ಹಾಕುತ್ತದಲ್ಲ, ಅದು. ಬೂದು ಸಿಪಿಲೆ ಅದೇ ಬಳಗದ್ದು, ಆದರೆ ಸಪೂರ. ಬೆನ್ನು ಬೂದಿ ಬಣ್ಣ, ಕಣ್ಣಿನ ಮೇಲೆ ತೆಳ್ಳಗೆ ಒಂದು ಬಿಳಿ ಗೆರೆ, ಬಾಲದ ಬುಡದಲ್ಲಿ ಗಾಢ ಹಳದಿ. ಮೈಗಿಂತ ಬಾಲವೇ ಜಾಸ್ತಿ ಅನ್ನಿಸುತ್ತದೆ. ನೀರು ಸೋರುವ ನಲ್ಲಿ, ಮೋರಿಯ ಅಂಚು, ಮಳೆ ನಿಂತ ರಸ್ತೆ ಬದಿ ಇದಕ್ಕೆ ಇಷ್ಟದ ಜಾಗಗಳು. ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಬಾಲ ಮೇಲೆ ಕೆಳಗೆ ಆಡಿಸುತ್ತದೆ. ಪಕ್ಕನೆ ಮೇಲಕ್ಕೆ ನೆಗೆದು ಗಾಳಿಯಲ್ಲೇ ಒಂದು ನೊಣ ಹಿಡಿದು ಮತ್ತೆ ಅದೇ ಕಲ್ಲಿಗೆ ವಾಪಸ್. ಹಾರುವಾಗ ಏರುತ್ತಾ ಇಳಿಯುತ್ತಾ ಹೋಗುತ್ತದೆ, ಜೊತೆಗೆ ‘ಚಿಟ್, ಚಿಟ್’ ಅಂತ ಚೂಪಾದ ಸದ್ದು. ಆ ಸದ್ದು ಒಮ್ಮೆ ಕಿವಿಗೆ ಕೂತರೆ ಆಮೇಲೆ ಸರಸ್ವತಿಪುರಂ ಟ್ರಾಫಿಕ್ಕಿನ ನಡುವೆಯೂ ಕೇಳಿಸುತ್ತದೆ. ಬೇಸಿಗೆಯಲ್ಲಿ ಈ ಹಕ್ಕಿ ಹಿಮಾಲಯದ ತೊರೆಗಳ ಪಕ್ಕದಲ್ಲೋ, ಇನ್ನೂ ಉತ್ತರದ ಬೆಟ್ಟಗಳಲ್ಲೋ ಗೂಡು ಕಟ್ಟಿ ಮರಿ ಮಾಡಿರುತ್ತದೆ.

ಅದರ ಬೆನ್ನಿಗೇ ಬರುವುದು ಎಲೆಗಳ ನಡುವೆ ಅಡಗಿರುವ ಪುಟ್ಟ ಉಲಿಯಕ್ಕಿ. ಹಕ್ಕಿ ನೋಡುವವರು ಇದನ್ನು ಗ್ರೀನಿಶ್ ವಾರ್ಬ್ಲರ್ ಅನ್ನುತ್ತಾರೆ. ತೂಕ 8 ಗ್ರಾಂ ಆಸುಪಾಸು. ಹಸಿರು ಮಿಶ್ರಿತ ಬೂದು ಮೈ, ರೆಕ್ಕೆಯ ಮೇಲೆ ಒಂದು ಮಸುಕು ಗೆರೆ. ನೋಡಿ ಗುರುತಿಸುವುದು ಕಷ್ಟ, ಕೇಳಿ ಗುರುತಿಸುವುದು ಸುಲಭ. ಮಾವಿನ ಮರದಲ್ಲೋ ಹೊಂಗೆಯಲ್ಲೋ ‘ಟಿಸ್ವಿ, ಟಿಸ್ವಿ’ ಅಂತ ಎಡೆಬಿಡದೆ ಕೂಗುತ್ತದೆ. ಪೊದೆಯೊಳಗಿಂದ ‘ಟಕ್... ಟಕ್...’ ಅಂತ ಬಿಡಿಬಿಡಿಯಾಗಿ ಬಂದರೆ ಅದು ಇನ್ನೊಂದು ಉಲಿಯಕ್ಕಿ, ಬ್ಲೈತ್ಸ್ ರೀಡ್ ವಾರ್ಬ್ಲರ್. ಇದರ ತವರು ಫಿನ್ಲೆಂಡಿನಿಂದ ಸೈಬೀರಿಯಾದವರೆಗೆ ಹರಡಿದೆ. ಕಾರಂಜಿ ಕೆರೆಯ ಪೊದೆಗಳಲ್ಲಿ, ಮಾನಸಗಂಗೋತ್ರಿಯ ಬೇಲಿಗಳಲ್ಲಿ, ಮನೆಯ ದಾಸವಾಳದ ಗಿಡದಲ್ಲೂ ಈ ಸದ್ದು ಕೇಳುತ್ತದೆ.

ಈ ಎರಡು ಮೂರು ಹಕ್ಕಿಗಳೇ ಯಾಕೆ ಮೊದಲು? ವಲಸೆಯ ಗುಟ್ಟು ಇಲ್ಲೇ ಇದೆ.

ಚಳಿ ತಡೆಯಲಾರದೆ ಹಕ್ಕಿಗಳು ನಮ್ಮ ಕಡೆ ಓಡಿ ಬರುತ್ತವೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಮಾತ್ರ ಸರಿ. ಹಕ್ಕಿಯ ಮೈಮೇಲಿನ ಪುಕ್ಕ ಚಳಿಯನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಹಿಮ ಬೀಳುವ ಊರುಗಳಲ್ಲಿ ಚಳಿಗಾಲವಿಡೀ ಉಳಿಯುವ ಪುಟ್ಟ ಹಕ್ಕಿಗಳೂ ಇವೆ. ಕಾಳು, ಬೀಜ, ತೊಗಟೆಯ ಸಂದಿಯ ಹುಳುಮೊಟ್ಟೆ ಹುಡುಕಿ ತಿಂದು ಬದುಕುತ್ತವೆ. ಅಂದರೆ ಊರು ಬಿಡಿಸುವುದು ಊಟ. ಉತ್ತರದಲ್ಲಿ ಆಗಸ್ಟ್ ಮುಗಿಯುತ್ತಿದ್ದಂತೆ ಹಾರುವ ಹುಳಗಳು ಕಡಿಮೆಯಾಗುತ್ತವೆ. ಹುಳವನ್ನೇ ನಂಬಿದ ಸಿಪಿಲೆ, ಉಲಿಯಕ್ಕಿಗಳು ಮೊದಲು ಹೊರಡಬೇಕು. ಬಾತುಗಳಿಗೆ ಅಷ್ಟು ಅವಸರವಿಲ್ಲ. ಕೆರೆಯ ನೀರು ಹೆಪ್ಪುಗಟ್ಟುವವರೆಗೆ ಅವುಗಳ ಊಟಕ್ಕೆ ತೊಂದರೆಯಿಲ್ಲ. ಹುಲ್ಲು ಮೇಯುವ ಹೆಬ್ಬಾತಿಗೆ ಇನ್ನೂ ಬಿಡುವು. ಹಾಗಾಗಿ ನಮ್ಮಲ್ಲಿಗೆ ಹುಳ ತಿನ್ನುವವು ಸೆಪ್ಟೆಂಬರಿನಲ್ಲಿ, ಬಾತುಗಳು ದೀಪಾವಳಿ ಕಳೆದ ಮೇಲೆ, ಹೆಬ್ಬಾತುಗಳು ಮಾಗಿಯ ಹೊತ್ತಿಗೆ ಬರುತ್ತವೆ. ನಮ್ಮ ಕೆರೆ ದಂಡೆಯಲ್ಲಿ ನಿಂತು ನೋಡುವ ಈ ಸರದಿ, ಸಾವಿರಾರು ಕಿಲೋಮೀಟರ್ ಆಚೆ ಊಟ ಮುಗಿಯುತ್ತಾ ಹೋಗುವ ಸರದಿಯೇ.

ಹಾಗಾದರೆ ಇಲ್ಲೇ ಉಳಿಯಬಹುದಲ್ವಾ, ವಾಪಸ್ ಯಾಕೆ ಹೋಗಬೇಕು? ಮರಿ ಸಾಕುವುದಕ್ಕೆ. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಸೈಬೀರಿಯಾದ ಉತ್ತರ ಭಾಗದಲ್ಲಿ ಜೂನ್ ತಿಂಗಳ ಹಗಲು 18 ಗಂಟೆಗೂ ಜಾಸ್ತಿ. ಅಷ್ಟು ಹೊತ್ತೂ ಹುಳ ಹಿಡಿಯಬಹುದು, ಮರಿಗಳ ಬಾಯಿಗೆ ತುತ್ತು ಇಡಬಹುದು. ಆ ಕೆಲವೇ ವಾರಗಳಲ್ಲಿ ಅಲ್ಲಿ ಹುಳಗಳ ಸುಗ್ಗಿ. ಇಲ್ಲಾದರೆ ಗೂಡಿನ ಜಾಗಕ್ಕೆ, ಹುಳಕ್ಕೆ ನಮ್ಮ ಊರಿನ ಹಕ್ಕಿಗಳ ಜೊತೆ ವರ್ಷವಿಡೀ ಪೈಪೋಟಿ ಮಾಡಬೇಕು. ಅಲ್ಲಿ ಮರಿ ಮಾಡುವುದು, ಇಲ್ಲಿ ಹೊಟ್ಟೆ ಹೊರೆಯುವುದು, ಹೀಗೆ ಎರಡು ಊರಿನ ಬದುಕು ಅವುಗಳದ್ದು. ಉಲಿಯಕ್ಕಿ ಸೆಪ್ಟೆಂಬರಿನಲ್ಲಿ ಬಂದು ಮಾರ್ಚ್-ಏಪ್ರಿಲ್‌ವರೆಗೆ ಇರುತ್ತದೆ. ಲೆಕ್ಕ ಹಾಕಿ ನೋಡಿ, ವರ್ಷದ ಅರ್ಧಕ್ಕೂ ಜಾಸ್ತಿ ಕಾಲ ಅದು ನಮ್ಮ ಬೀದಿಯ ಮರದಲ್ಲೇ ಇದ್ದು ಎಲೆ ತಿನ್ನುವ ಹುಳಗಳನ್ನು ಹೆಕ್ಕುತ್ತಿರುತ್ತದೆ. ಸುಮ್ನೆ ಬಂದು ಹೋಗುವ ನೆಂಟ ಅಂತ ಅದನ್ನು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹೊರಡುವ ಹೊತ್ತು ತಿಳಿಯುವುದು ಹೇಗೆ

ಹುಳ ಪೂರ್ತಿ ಖಾಲಿಯಾದ ಮೇಲೆ ಹೊರಟರೆ ದಾರಿಯಲ್ಲೇ ಸಾಯಬೇಕಾಗುತ್ತದೆ. ಊಟ ಇನ್ನೂ ಇರುವಾಗಲೇ ಹೊರಡಬೇಕು. ಹಾಗಾಗಿ ಹಕ್ಕಿಗಳು ಹವಾಮಾನಕ್ಕಿಂತ ಜಾಸ್ತಿ ನಂಬುವುದು ಹಗಲಿನ ಉದ್ದವನ್ನು. ಮಳೆ, ಚಳಿ ಒಂದು ವರ್ಷ ಹಿಂದುಮುಂದಾಗಬಹುದು. ಹಗಲಿನ ಉದ್ದ ಮಾತ್ರ ಯಾವತ್ತೂ ತಪ್ಪುವುದಿಲ್ಲ. 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಎಂಬ ವಿಜ್ಞಾನಿ ಜಂಕೊ ಅನ್ನುವ ಪುಟ್ಟ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿ ಹೊರಗಿನ ಪಂಜರದಲ್ಲಿಟ್ಟರು. ಸಂಜೆಯಾದ ಮೇಲೆ ಬಲ್ಬ್ ಹಚ್ಚಿ ದಿನದಿನಕ್ಕೆ ಬೆಳಕಿನ ಹೊತ್ತನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋದರು. ಹೊರಗೆ ನಡುಚಳಿಗಾಲವಿದ್ದರೂ ಆ ಹಕ್ಕಿಗಳ ದೇಹ ವಸಂತ ಬಂದಂತೆ ಮರಿ ಮಾಡಲು ಸಿದ್ಧವಾಯಿತು. ಬೆಳಕೇ ಅವುಗಳ ಕ್ಯಾಲೆಂಡರ್ ಅನ್ನುವುದು ಆಗ ಗೊತ್ತಾಯಿತು.

ಇಲ್ಲೊಂದು ತೊಡಕಿದೆ. ನಮ್ಮೂರಿನಲ್ಲಿ ಹಗಲಿನ ಉದ್ದ ಅಷ್ಟಾಗಿ ಬದಲಾಗುವುದೇ ಇಲ್ಲ ಅಂದೆನಲ್ಲ. ಹಾಗಿದ್ದಾಗ ಕುಕ್ಕರಹಳ್ಳಿ ಕೆರೆ ಏರಿಯ ಮರದಲ್ಲಿ ಕೂತ ಹಕ್ಕಿಗೆ ಹಿಮಾಲಯದಲ್ಲಿ ಹಿಮ ಕರಗುವ ಸಮಯ ಬಂತು ಅಂತ ಹೇಳುವವರು ಯಾರು? ಇದಕ್ಕೆ ಉತ್ತರ ಕೊಟ್ಟವರು ಜರ್ಮನಿಯ ಎಬರ್‌ಹಾರ್ಡ್ ಗ್ವಿನ್ನರ್. ಅವರು ಉಲಿಯಕ್ಕಿಗಳನ್ನು ಒಂದೇ ಉಷ್ಣಾಂಶದ ಕೋಣೆಯಲ್ಲಿ, ದಿನಕ್ಕೆ 12 ಗಂಟೆ ಬೆಳಕು 12 ಗಂಟೆ ಕತ್ತಲೆ ಕೊಟ್ಟು ಸಾಕಿದರು. ಕಾಲ ಬದಲಾಗಿದೆ ಅಂತ ತಿಳಿಯಲು ಒಂದು ಸುಳಿವೂ ಇರಲಿಲ್ಲ. ಆದರೂ ಹಕ್ಕಿಗಳು ಪುಕ್ಕ ಉದುರಿಸಿ ಹೊಸದು ಬೆಳೆಸಿದವು, ಕೊಬ್ಬು ಕೂಡಿಟ್ಟವು, ರಾತ್ರಿ ನಿದ್ದೆಬಿಟ್ಟು ಚಡಪಡಿಸಿದವು. ಮೈಯೊಳಗೇ ವರ್ಷದ ಗಡಿಯಾರ ಒಂದಿದೆ ಅನ್ನುವುದು ಅದರಿಂದ ಖಚಿತವಾಯಿತು. ಆ ಗಡಿಯಾರ ಸರಿಯಾಗಿ 12 ತಿಂಗಳಿಗೆ ಸುತ್ತುವುದಿಲ್ಲ, ಸ್ವಲ್ಪ ಆಚೀಚೆ ಆಗುತ್ತದೆ. ಹಗಲಿನ ಉದ್ದ ಪ್ರತಿ ವರ್ಷ ಅದನ್ನು ಸರಿಪಡಿಸುತ್ತದೆ.

ಹೊರಡುವ ಮುಂಚಿನ ವಾರಗಳಲ್ಲಿ ಹಕ್ಕಿ ಎಡೆಬಿಡದೆ ತಿನ್ನುತ್ತದೆ. ತಿಂದದ್ದು ಚರ್ಮದ ಅಡಿಯಲ್ಲಿ ಕೊಬ್ಬಾಗಿ ಕೂರುತ್ತದೆ. ದಾರಿಗೆ ಕಟ್ಟಿಕೊಂಡ ಬುತ್ತಿ ಅಂದರೆ ಅದೇ. ಅಕ್ಕಿ ಗೋಧಿಯಲ್ಲಿರುವ ಪಿಷ್ಟಕ್ಕೆ ಹೋಲಿಸಿದರೆ ಅಷ್ಟೇ ತೂಕದ ಕೊಬ್ಬಿನಲ್ಲಿ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಇರುತ್ತದೆ. ಹಾರುವ ಜೀವಕ್ಕೆ ಹಗುರವಾಗಿರುವುದೇ ಮುಖ್ಯವಾದ್ದರಿಂದ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ದೂರದ ಮರುಭೂಮಿ, ಸಮುದ್ರ ದಾಟುವ ಕೆಲವು ಉಲಿಯಕ್ಕಿಗಳು ಹೊರಡುವ ಮೊದಲು ತೂಕವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಳ್ಳುತ್ತವೆ.

ದಸರಾ ರಾತ್ರಿಗಳ ಆಕಾಶ

ದಸರಾ ಹೊತ್ತಿಗೆ ಹಕ್ಕಿಗಳ ಓಡಾಟ ಜೋರಾಗಿರುತ್ತದೆ. ಚಾಮುಂಡಿ ಬೆಟ್ಟದ ಬುಡದ ಕುರುಚಲು, ಲಿಂಗಾಂಬುಧಿ ಕೆರೆಯ ಸುತ್ತಲಿನ ಪೊದೆಗಳ ತುದಿಯಲ್ಲಿ ಕಂದು ಕಳಿಂಗ ಕೂತಿರುತ್ತದೆ. ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ, ತುದಿ ಬಾಗಿದ ಗಟ್ಟಿ ಕೊಕ್ಕು. ಇದು ಏಷ್ಯಾದ ಈಶಾನ್ಯ ಭಾಗದಿಂದ ಬರುವ ಹಕ್ಕಿ. ಬಂದ ಮೊದಲ ದಿನಗಳಲ್ಲಿ ಜಾಗಕ್ಕಾಗಿ ಗಟ್ಟಿ ದನಿಯಲ್ಲಿ ಜಗಳವಾಡುತ್ತದೆ. ಒಮ್ಮೆ ಪೊದೆ ತನ್ನದು ಅಂತ ಆಯಿತೋ, ಚಳಿಗಾಲ ಮುಗಿಯುವವರೆಗೆ ಅಲ್ಲೇ. ಕಾಲಿಗೆ ಉಂಗುರ ತೊಡಿಸಿ ನಡೆಸಿದ ಅಧ್ಯಯನಗಳಿಂದ ಇನ್ನೊಂದು ಬೆರಗಿನ ಸಂಗತಿ ತಿಳಿದಿದೆ. ಹೀಗೆ ವಲಸೆ ಬರುವ ಎಷ್ಟೋ ಪುಟ್ಟ ಹಕ್ಕಿಗಳು ಮುಂದಿನ ವರ್ಷವೂ ಅದೇ ತೋಟಕ್ಕೆ, ಅದೇ ಪೊದೆಗೆ ಮರಳಿ ಬರುತ್ತವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ದೊಡ್ಡ ಮಟ್ಟದಲ್ಲಿ ಉಂಗುರ ತೊಡಿಸುವ ಕೆಲಸ ಶುರು ಮಾಡಿತು. ನಮ್ಮ ದೇಶಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ ಅನ್ನುವ ತಿಳಿವಳಿಕೆಗೆ ಆ ಕೆಲಸವೇ ಬುನಾದಿ.

ಸಿಪಿಲೆ, ಕವಲುತೋಕೆ, ಗಿಡುಗಗಳು ಹಗಲಲ್ಲಿ ಪ್ರಯಾಣ ಮಾಡುತ್ತವೆ. ಗಿಡುಗಕ್ಕೆ ಮೇಲೇಳುವ ಬಿಸಿ ಗಾಳಿ ಬೇಕು. ಕವಲುತೋಕೆ ಹಾರುತ್ತಲೇ ಹುಳ ಹಿಡಿದು ತಿನ್ನುತ್ತದೆ. ಆದರೆ ಉಲಿಯಕ್ಕಿಯಂಥ ಪುಟ್ಟ ಹಕ್ಕಿಗಳು ಹಾರುವುದು ರಾತ್ರಿ. ರಾತ್ರಿ ಗಾಳಿ ತಂಪು, ಬೇಟೆಗಾರ ಹಕ್ಕಿಗಳ ಕಾಟ ಕಡಿಮೆ, ಹಗಲನ್ನು ಊಟಕ್ಕೆ ಇಟ್ಟುಕೊಳ್ಳಬಹುದು. ಆದರೆ ಕತ್ತಲಲ್ಲಿ ದಾರಿ?

ಇದಕ್ಕೆ ಒಂದೇ ಉತ್ತರವಿಲ್ಲ, ಹಕ್ಕಿಯ ಹತ್ತಿರವೂ ಒಂದೇ ಉಪಾಯವಿಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಮ್ಲೆನ್ ಹಕ್ಕಿಗಳನ್ನು ತಾರಾಲಯದೊಳಗೆ ಇಟ್ಟು ನೋಡಿದರು. ಮರಿಹಕ್ಕಿಗಳು ಆಕಾಶ ಯಾವ ಬಿಂದುವಿನ ಸುತ್ತ ತಿರುಗುತ್ತದೆ ಅನ್ನುವುದನ್ನು ನೋಡಿ ಕಲಿಯುತ್ತವೆ, ಅದರಿಂದ ಉತ್ತರ ಯಾವುದು ಅಂತ ತಿಳಿಯುತ್ತವೆ ಅನ್ನುವುದು ಅಲ್ಲಿ ಗೊತ್ತಾಯಿತು. ಸೂರ್ಯ ಮುಳುಗುವ ದಿಕ್ಕು, ಭೂಮಿಯ ಕಾಂತಶಕ್ತಿ, ನದಿ ಬೆಟ್ಟಗಳ ಸಾಲು, ಇವೂ ಲೆಕ್ಕಕ್ಕೆ ಬರುತ್ತವೆ. ಮೋಡ ಕವಿದ ರಾತ್ರಿ ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.

ಅನುಭವದ ಪಾಲೂ ಇದೆ. 1950ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಪರ್ಡೆಕ್ ಎಂಬ ವಿಜ್ಞಾನಿ ವಲಸೆ ಹೊರಟ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳನ್ನು ಹಿಡಿದು ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟರು. ಮೊದಲೇ ಒಮ್ಮೆ ವಲಸೆ ಮಾಡಿದ್ದ ದೊಡ್ಡ ಹಕ್ಕಿಗಳು ದಿಕ್ಕು ಬದಲಿಸಿ ಎಂದಿನ ಜಾಗಕ್ಕೇ ಹೋದವು. ಆ ವರ್ಷ ಹುಟ್ಟಿದ ಮರಿಗಳು ಹುಟ್ಟಿನಿಂದ ಬಂದ ದಿಕ್ಕನ್ನೇ ನೆಚ್ಚಿ ಹಾರಿ ಸ್ಪೇನ್ ಕಡೆ ಸೇರಿದವು. ಅಂದರೆ ಮೊದಲ ಸಲ ಹೊರಟ ಹಕ್ಕಿಗೆ ಯಾವ ದಿಕ್ಕಿಗೆ, ಎಷ್ಟು ಕಾಲ ಹಾರಬೇಕು ಅನ್ನುವುದು ರಕ್ತದಲ್ಲೇ ಬಂದಿರುತ್ತದೆ. ಊರು ಯಾವುದು ಅನ್ನುವುದು ಒಮ್ಮೆ ಹೋಗಿ ಬಂದ ಮೇಲೆ ತಿಳಿಯುತ್ತದೆ. ನಿಮ್ಮ ಹೊಂಗೆ ಮರದ ಎಂಟು ಗ್ರಾಮಿನ ಹಕ್ಕಿ ಅಪ್ಪ-ಅಮ್ಮನ ಜೊತೆಯಿಲ್ಲದೆ, ತಾನೊಂದೇ ರಾತ್ರಿಗಳನ್ನು ದಾಟಿ ಬಂದಿರುತ್ತದೆ.

ದೀಪದ ಬೆಳಕಿಗೆ ದಾರಿ ತಪ್ಪಿಸುವ ಗುಣವಿದೆ. ಅಕ್ಟೋಬರ್ ತಿಂಗಳಲ್ಲಿ ಮನೆಯ ವರಾಂಡದಲ್ಲೋ ಆಫೀಸಿನ ಮೆಟ್ಟಿಲ ಬಳಿಯೋ ಬಣ್ಣಬಣ್ಣದ, ಮೋಟು ಬಾಲದ ಹಕ್ಕಿಯೊಂದು ಸುಸ್ತಾಗಿ ಕೂತಿದ್ದರೆ ಅದು ನವರಂಗ ಆಗಿರುವ ಸಂಭವ ಜಾಸ್ತಿ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಹಕ್ಕಿ ಇದು. ಬಾಯಿಗೆ ನೀರು ಹಾಕಬೇಡಿ, ಅನ್ನ ತಿನ್ನಿಸಬೇಡಿ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಕತ್ತಲಾಗಿ, ಸದ್ದಿಲ್ಲದ ಕಡೆ ಇಡಿ. ಚೇತರಿಸಿಕೊಂಡರೆ ಸಂಜೆ ಹೊತ್ತು ಗಿಡಮರ ಇರುವ ಕಡೆ ಬಿಟ್ಟುಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಗದ್ದೆ ಕೊಯ್ಲು, ಕೆರೆಯ ಅಂಚು

ನವೆಂಬರಿನಿಂದ ಮಂಡ್ಯ ಕಡೆ ಹೋಗಿ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಉಂಡ ಗದ್ದೆಗಳಲ್ಲಿ ಭತ್ತ ಹಣ್ಣಾಗಿ ಕೊಯ್ಲು ಶುರುವಾಗುವ ಕಾಲ. ಕರೆಂಟ್ ತಂತಿಗಳ ಮೇಲೆ ಕವಲುತೋಕೆಗಳು ಸಾಲಾಗಿ ಕೂತಿರುತ್ತವೆ. ಕೊಯ್ದ ಕೂಳೆಯ ನಡುವೆ ಹಳದಿ ಸಿಪಿಲೆಗಳು, ನೀರು ನಿಂತ ಕಡೆ ಗದ್ದೆ ಗೊರವಗಳು, ಅಂದರೆ ಇಂಗ್ಲಿಷಿನ ಸ್ಯಾಂಡ್‌ಪೈಪರ್‌ಗಳು. ಕಾಲ ಬುಡದಿಂದಲೇ ಪರ್ರನೆ ಎದ್ದು ಅಂಕುಡೊಂಕಾಗಿ ಹಾರಿಹೋದರೆ ಅದು ಉಲ್ಲಂಕಿ.

ಈ ಬಯಲಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಹಕ್ಕಿ ಜೌಗು ಸೆಳೆವ. ಹದ್ದಿನ ಗಾತ್ರದ ಕಂದು ಬೇಟೆಗಾರ ಹಕ್ಕಿ, ಹೆಣ್ಣಿಗೆ ಕೆನೆ ಬಣ್ಣದ ತಲೆ. ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಜೊಂಡಿನ ಮೇಲೆ ಆಳೆತ್ತರದಲ್ಲಿ ಹಾರುತ್ತದೆ. ನಾಲ್ಕು ಸಲ ರೆಕ್ಕೆ ಬಡಿತ, ಆಮೇಲೆ ತೇಲಾಟ. ಅದು ಕೆರೆಯ ಆಚೆ ದಡದಲ್ಲಿ ಇನ್ನೂ ಚುಕ್ಕಿಯಾಗಿ ಕಾಣುವಾಗಲೇ ಈಚೆ ನಾಮಗೋಳಿಗಳೆಲ್ಲ ಒತ್ತೊತ್ತಾಗಿ ಸೇರಿ ನೀರಿನ ನಡುವಿಗೆ ಸರಿಯುತ್ತವೆ. ಗೊರವಗಳು ಕೂಗಿಕೊಂಡು ಏಳುತ್ತವೆ. ಕೆರೆಯ ಹಕ್ಕಿಗಳು ಇದ್ದಕ್ಕಿದ್ದಂತೆ ಗಾಬರಿಯಾದರೆ ಅವುಗಳನ್ನು ಬಿಟ್ಟು ಜೊಂಡಿನ ಮೇಲೆ ಕಣ್ಣಾಡಿಸಿ. ಸೆಳೆವ ಅಲ್ಲೇ ಎಲ್ಲೋ ಇರುತ್ತದೆ.

ಬಾತುಗಳ ವಿಷಯದಲ್ಲಿ ಹೊಸಬರಿಗೆ ಎರಡು ಗೊಂದಲ. ಮೊದಲನೆಯದು, ಪುಸ್ತಕದಲ್ಲಿ ಗಂಡು ಬಾತು ಅಷ್ಟು ಚೆಂದ, ಇಲ್ಲಿ ಎಲ್ಲವೂ ಕಂದು ಯಾಕೆ ಅನ್ನುವುದು. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತುಗಳು ಬಣ್ಣದ ಪುಕ್ಕ ಕಳಚಿ ಹೆಣ್ಣಿನಂತೆ ಮಾಸಲಾಗುತ್ತವೆ. ಬರುವ ಹೊತ್ತಿಗೆ ಇನ್ನೂ ಅದೇ ಮಾಸಲು ಉಡುಪಿನಲ್ಲಿರುತ್ತವೆ. ಚಳಿಗಾಲ ಮುಂದುವರಿದಂತೆ ಸೂಜಿಬಾಲದ ಬಾತಿನ ಬಾಲ ನೀಳವಾಗುತ್ತದೆ, ಸಲಿಕೆ ಕೊಕ್ಕಿನ ಬಾತಿನ ತಲೆ ಹಸಿರಾಗುತ್ತದೆ. ಜನವರಿಯಲ್ಲಿ ಮತ್ತೊಮ್ಮೆ ಹೋಗಿ ನೋಡಿ.

ಎರಡನೆಯದು, ಮಳೆ ಚೆನ್ನಾಗಿ ಬಂದು ಕೆರೆ ಕೋಡಿ ಬಿದ್ದ ವರ್ಷ ಹಕ್ಕಿಗಳೇ ಕಡಿಮೆ ಕಾಣುವುದು. ನೀರು ಜಾಸ್ತಿಯಾದರೆ ಹಕ್ಕಿಯೂ ಜಾಸ್ತಿಯಾಗಬೇಕು ಅಂತ ನಮ್ಮ ಲೆಕ್ಕ. ಆದರೆ ಈ ಬಾತುಗಳಲ್ಲಿ ಹೆಚ್ಚಿನವು ಮುಳುಗುವವಲ್ಲ. ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಕೊಕ್ಕು ಎಟಕುವಷ್ಟು ಆಳದಲ್ಲಿ ಮಾತ್ರ ತಿನ್ನುತ್ತವೆ. ಗೊರವಗಳಿಗೆ ಬೇಕಾದದ್ದು ಗೇಣುದ್ದದ ನೀರು, ಇಲ್ಲವೇ ಬರೀ ಕೆಸರು. ತುಂಬಿದ ಕೆರೆಯಲ್ಲಿ ಅಂಚೇ ಇರುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ನೀರು ಇಳಿದು ದಡ ತೆರೆದುಕೊಂಡಾಗ ಅದೇ ಕೆರೆಯಲ್ಲಿ ಹಕ್ಕಿ ತುಂಬುತ್ತವೆ. ನಗರದ ಕೆರೆಗಳಿಗೆ ಸುತ್ತ ಕಲ್ಲು ಕಟ್ಟಿ, ನೇರವಾಗಿ ಇಳಿಜಾರು ಮಾಡಿ, ಒಂದೇ ಸಮ ಆಳ ತೋಡುವುದನ್ನು ಅಭಿವೃದ್ಧಿ ಅನ್ನುತ್ತೇವೆ. ನೋಡಲು ಚೊಕ್ಕಟ ನಿಜ. ಆದರೆ ಹಕ್ಕಿಗಳು ಊಟ ಮಾಡುವ ಜಾಗವನ್ನೇ ಅಳಿಸಿಹಾಕಿರುತ್ತೇವೆ. ಕೆರೆಯ ಒಂದು ಬದಿಯನ್ನಾದರೂ ಇಳಿಜಾರಾಗಿ, ಕೆಸರಾಗಿ, ಜೊಂಡು ಬೆಳೆದು ಇರುವಂತೆ ಬಿಡಿ ಅಂತ ನಾವು ನಗರದವರು ಕೇಳಲೇಬೇಕು.

ಇವು ಹೊರದೇಶದ ಹಕ್ಕಿಗಳಲ್ಲ

ರಂಗನತಿಟ್ಟಿನ ದೋಣಿಯಲ್ಲಿ, ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ಕೆಳಗೆ ಪದೇ ಪದೇ ಕೇಳುವ ಮಾತು: ಇವೆಲ್ಲ ಆಸ್ಟ್ರೇಲಿಯಾದಿಂದ, ಸೈಬೀರಿಯಾದಿಂದ ಬರುತ್ತವೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಾಯ್ಕಳಕ, ಚಮಚ ಕೊಕ್ಕಿನ ಹಕ್ಕಿ, ಇವು ನಮ್ಮ ದೇಶದ ಹಕ್ಕಿಗಳೇ. ನೀರು, ಮೀನು ಇರುವ ಕಡೆ ಕೆರೆಯಿಂದ ಕೆರೆಗೆ, ಜಿಲ್ಲೆಯಿಂದ ಜಿಲ್ಲೆಗೆ, ಪಕ್ಕದ ರಾಜ್ಯಕ್ಕೂ ಓಡಾಡುತ್ತವೆ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಯದ ಮೇರೆಗೆ 1940ರಲ್ಲಿ ಮೈಸೂರು ಮಹಾರಾಜರು ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದ್ದು ಇವು ಅಲ್ಲಿ ಗೂಡು ಕಟ್ಟುತ್ತಿದ್ದವು ಅನ್ನುವ ಕಾರಣಕ್ಕೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಇವುಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಅದು ಬರೀ ಪ್ರೀತಿಯ ಮಾತಲ್ಲ, ವಿಜ್ಞಾನದ ಲೆಕ್ಕದಲ್ಲೂ ಸರಿ. ಸೈಬೀರಿಯಾ, ಮಂಗೋಲಿಯಾ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ ಇಲ್ಲಿ ಮೊಟ್ಟೆ ಇಡುವುದಿಲ್ಲ. ಗೂಡು ಕಂಡಿತೋ, ಅದು ಚಳಿಗಾಲದ ವಲಸೆ ಹಕ್ಕಿ ಅಲ್ಲ ಅಂತ ತಿಳಿಯಬಹುದು.

ಬೇಸಿಗೆಯಲ್ಲಿ ಬರುವವರೂ ಇದ್ದಾರೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣದ ಬಳಿ ನಗುವನಹಳ್ಳಿಯ ಮಣ್ಣಿನ ಗೋಡೆಗಳಲ್ಲಿ ನೀಲಿಬಾಲದ ಕಳ್ಳಿಪೀರಗಳು ಬಿಲ ಕೊರೆದು ಮರಿ ಮಾಡುತ್ತವೆ. ಅದು ಬೇರೆಯೇ ಕಥೆ.

ಮಾಗಿಯ ಹೆಬ್ಬಾತು

ಡಿಸೆಂಬರ್-ಜನವರಿಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹದಿನಾರು ಕೆರೆಗೆ, ಸುತ್ತಲಿನ ಇನ್ನು ಕೆಲವು ಕೆರ‍ೆಗಳಿಗೆ ಇಳಿಯುತ್ತವೆ. ತಿಳಿ ಬೂದು ಮೈ, ಬಿಳಿ ತಲೆ, ಹಿಂದಲೆಯಲ್ಲಿ ಅಡ್ಡಲಾಗಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಎತ್ತರದ ಸರೋವರಗಳು ಇವುಗಳ ತವರು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡಿವೆ. ಅಲ್ಲಿಂದ ಇಲ್ಲಿಗೆ ನೇರ ಗೆರೆ ಎಳೆದರೂ 4,000 ಕಿಲೋಮೀಟರ್‌ಗೂ ಜಾಸ್ತಿ. ಎಲ್ಲ ಹೆಬ್ಬಾತುಗಳೂ ಇಷ್ಟು ದೂರ ಬರುವುದಿಲ್ಲ. ಊಟ ಸಿಗುವ ದಕ್ಷಿಣ ಟಿಬೆಟ್‌ನ ಕಣಿವೆಗಳಲ್ಲೇ ಎಷ್ಟೋ ಉಳಿದುಬಿಡುತ್ತವೆ. ಊರು ಬಿಡಿಸುವುದು ಚಳಿಗಿಂತ ಊಟ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಹಿಮಾಲಯ ದಾಟುವ ಇವುಗಳ ಸಾಹಸದ ಬಗ್ಗೆ ಬಹಳ ಕಥೆಗಳಿವೆ. ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನಡೆಸಿದ ಅಧ್ಯಯನದಲ್ಲಿ ದಾಖಲಾದ ಅತಿ ಎತ್ತರ 7,290 ಮೀಟರ್. ಆದರೆ ಬಹುಪಾಲು ಹೊತ್ತು ಅವು ಅಷ್ಟು ಮೇಲೆ ಹಾರುವುದಿಲ್ಲ. ನೆಲದ ಏರಿಳಿತವನ್ನು ಅನುಸರಿಸಿ, ಕಣಿವೆ ಬಂದಾಗ ಇಳಿದು, ಬೆಟ್ಟ ಬಂದಾಗ ಏರಿ ಸಾಗುತ್ತವೆ. ಎತ್ತರದಲ್ಲೇ ಉಳಿದರೆ ತೆಳು ಗಾಳಿಯಲ್ಲಿ ರೆಕ್ಕೆ ಜಾಸ್ತಿ ಬಡಿಯಬೇಕು. ಇಳಿದು ಮತ್ತೆ ಏರುವುದೇ ಅಗ್ಗ. ಹೊರಡುವುದು ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ, ಗಾಳಿ ತಂಪಾಗಿ ದಟ್ಟವಾಗಿರುವಾಗ. ಅವುಗಳ ರಕ್ತದ ಹಿಮೋಗ್ಲೋಬಿನ್ ಬಯಲು ಸೀಮೆಯ ಹೆಬ್ಬಾತುಗಳಿಗಿಂತ ಬಿಗಿಯಾಗಿ ಆಮ್ಲಜನಕ ಹಿಡಿಯುತ್ತದೆ. ಉಸಿರಾಟ ಆಳ, ಹಾರುವ ಸ್ನಾಯುಗಳಲ್ಲಿ ರಕ್ತನಾಳಗಳು ದಟ್ಟ. ಉಲಿಯಕ್ಕಿಗಿಂತ ಇನ್ನೊಂದು ವ್ಯತ್ಯಾಸವಿದೆ: ಹೆಬ್ಬಾತಿನ ಮರಿಗಳು ಅಪ್ಪ-ಅಮ್ಮನ ಜೊತೆ ಹಾರಿ ದಾರಿ ಕಲಿಯುತ್ತವೆ.

ಹಗಲು ನೀರಿನ ಮೇಲೆ, ದಡದಲ್ಲಿ ಗುಂಪಾಗಿ ವಿಶ್ರಾಂತಿ. ಕತ್ತಲಾದ ಮೇಲೆ ಸುತ್ತಲಿನ ಗದ್ದೆ ಹೊಲಗಳಿಗೆ ಹೋಗಿ ಮೇಯುತ್ತವೆ. ಹಗಲಲ್ಲಿ ಸುಮ್ಮನೆ ಕೂತಿವೆಯಲ್ಲ ಅಂತ ಹಾರುವ ಫೋಟೊಕ್ಕಾಗಿ ಕಲ್ಲೆಸೆಯುವುದು, ಡ್ರೋನ್ ಹಾರಿಸುವುದು, ದಡದವರೆಗೆ ಕಾರು ತರುವುದು ನಡೆಯುತ್ತದೆ. ಒಮ್ಮೆ ಎಬ್ಬಿಸಿದರೆ ಏನಾಗುತ್ತದೆ ಅನ್ನಬೇಡಿ. ಒಂದೊಂದು ಸಲ ಎದ್ದು ಸುತ್ತು ಹೊಡೆದಾಗಲೂ ಅವು ಕೂಡಿಟ್ಟ ಕೊಬ್ಬು ಕರಗುತ್ತದೆ. ಮಾರ್ಚಿನಲ್ಲಿ ಬೆಟ್ಟ ದಾಟಬೇಕಾದದ್ದು ಅದೇ ಕೊಬ್ಬಿನಿಂದ. ದೂರದಲ್ಲಿ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿ. ಹೆಬ್ಬಾತಿರಲಿ ಉಲಿಯಕ್ಕಿಯಿರಲಿ, ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ.

2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಪ್ರಕಾರ ದೂರದಿಂದ ವಲಸೆ ಬರುವ ಹಕ್ಕಿಗಳು ಇಲ್ಲೇ ಇರುವ ಹಕ್ಕಿಗಳಿಗಿಂತ ಜಾಸ್ತಿ ಕುಸಿದಿವೆ. ಆ ವರದಿ ತಯಾರಾದದ್ದು ಸಾಮಾನ್ಯ ಹಕ್ಕಿಪ್ರಿಯರು ಇ-ಬರ್ಡ್ ಅನ್ನುವ ಜಾಲತಾಣದಲ್ಲಿ ದಾಖಲಿಸಿದ ಪಟ್ಟಿಗಳಿಂದ. ನೀವು ಕಾಲು ಗಂಟೆ ನಿಂತು ನೋಡಿದ ಹಕ್ಕಿಗಳ ಪಟ್ಟಿಯೂ ಅಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಜನವರಿಯಲ್ಲಿ ಏಷ್ಯಾದುದ್ದಕ್ಕೂ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ. ಮೈಸೂರು ಭಾಗದ ಕೆರೆಗಳಲ್ಲೂ ಹಕ್ಕಿ ಬಲ್ಲವರು ಗುಂಪಾಗಿ ಹೋಗುತ್ತಾರೆ, ಹೊಸಬರನ್ನು ಸಂತೋಷದಿಂದ ಸೇರಿಸಿಕೊಳ್ಳುತ್ತಾರೆ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತೇವಲ್ಲ, ಹಕ್ಕಿಗಳೂ ಆಗಲೇ ಗಂಟುಮೂಟೆ ಕಟ್ಟುತ್ತವೆ. ಮೊದಲು ಹೆಬ್ಬಾತು, ಬಾತುಗಳು ಹೊರಡುತ್ತವೆ. ಕೊನೆಗೆ ಬಂದವು ಮೊದಲು ವಾಪಸ್. ಗದ್ದೆಯ ಹಳದಿ ಸಿಪಿಲೆಗಳಲ್ಲಿ ಗಂಡುಗಳ ಎದೆ ಹೊಟ್ಟೆ ಗಾಢ ಹಳದಿಗೆ ತಿರುಗುತ್ತದೆ. ಚಳಿಗಾಲವಿಡೀ ‘ಟಿಸ್ವಿ’ ಅಂತ ಒಂದೇ ಪದ ಹೇಳುತ್ತಿದ್ದ ಉಲಿಯಕ್ಕಿ ಹೊರಡುವ ಮುಂಚೆ ಕೆಲವೊಮ್ಮೆ ಪೂರ್ತಿ ಹಾಡನ್ನೇ ಹಾಡುತ್ತದೆ. ಮೊದಲ ಹಕ್ಕಿ ಬಂದ ದಿನ ಎಲ್ಲರಿಗೂ ನೆನಪಿರುತ್ತದೆ. ಕೊನೆಯದು ಹೋದ ದಿನ ಯಾರಿಗೂ ಗೊತ್ತಿರುವುದಿಲ್ಲ, ಯಾಕೆಂದರೆ ಅದೇ ಕೊನೆಯದು ಅಂತ ಆ ದಿನ ತಿಳಿಯುವುದಿಲ್ಲ. ಹಾಗಾಗಿ ಮಾರ್ಚ್ ಶುರುವಾದ ಮೇಲೆ ಸಿಪಿಲೆ, ಉಲಿಯಕ್ಕಿ, ಕಳಿಂಗಗಳನ್ನು ಕಂಡ ಪ್ರತಿ ದಿನವೂ ತಾರೀಖು ಬರೆದಿಡಿ. ಏಪ್ರಿಲ್ ಮುಗಿದ ಮೇಲೆ ಪುಟ ತಿರುಗಿಸಿದರೆ ಕೊನೆಯ ದಿನ ತಾನಾಗಿಯೇ ಸಿಗುತ್ತದೆ.